ಜೀನ್ಸ್ ಘಟಕವನ್ನು ನಾನು ದೊಡ್ಡದು ಮಾಡದಿರುವುದೇಕೆ

2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದರೂ ಬಳ್ಳಾರಿಯ ಸಣ್ಣ ಜೀನ್ಸ್ ಘಟಕಗಳು ಹೇಗೆ ಉಳಿದವೆಂದು ಹೊರಗಿನವರು ಕೇಳುವುದುಂಟು. ಅಂಥ ಘಟಕವೊಂದನ್ನು ನಡೆಸುವ ನನಗೆ ಕಾಣುವ ಮುಖ್ಯ ಕಾರಣವೆಂದರೆ, ನಮ್ಮ ಖರ್ಚು ಕೆಲಸ ಬಂದಾಗ ಏರಿ, ಕೆಲಸ ನಿಂತಾಗ ತಾನಾಗಿ ಇಳಿಯುತ್ತದೆ. ಘಟಕವನ್ನು ನಾನು ದೊಡ್ಡದು ಮಾಡದಿರುವುದಕ್ಕೂ ಅದೇ ಕಾರಣ.

ನಮ್ಮಲ್ಲಿ ಪ್ಯಾಂಟ್ ಒಂದೇ ಸೂರಿನಡಿ ಸಿದ್ಧವಾಗುವುದಿಲ್ಲ. ಕಟಿಂಗ್ ನನ್ನಲ್ಲಿ ನಡೆದರೆ, ಹೊಲಿಗೆಯ ಬಹುಪಾಲು ಮನೆಯಲ್ಲೇ ಮಷಿನ್ ಇಟ್ಟುಕೊಂಡವರಲ್ಲಿ, ಕಾಜಾ-ಗುಂಡಿ ಇನ್ನೊಬ್ಬರಲ್ಲಿ, ವಾಷಿಂಗ್ ಮತ್ತೊಂದು ಘಟಕದಲ್ಲಿ ಆಗುತ್ತದೆ. ಎಲ್ಲರಿಗೂ ಪೀಸ್ ಲೆಕ್ಕದ ಕೂಲಿ. ಹಾಗೆಂದು ಇದನ್ನು ಬರೀ ಜಾಣತನವೆಂದು ಹೊಗಳಿಕೊಳ್ಳುವಂತಿಲ್ಲ, ಏಕೆಂದರೆ ವ್ಯಾಪಾರ ಇಲ್ಲದ ತಿಂಗಳ ಭಾರ ಹೊಲಿಯುವವರ ಮೇಲೆಯೇ ಬೀಳುತ್ತದೆ. ಆ ದಿನಗಳಲ್ಲಿ ಮುಂಗಡ ಕೊಡುತ್ತೇನೆ. ಇಲ್ಲವಾದರೆ ಹಬ್ಬದ ಸೀಸನ್ನಿಗೆ ಅವರು ನನ್ನ ಲಾಟ್, ಅಂದರೆ ಒಂದು ಸಲಕ್ಕೆ ಹೊಲಿಯಲು ಕೊಡುವ ಮಾಲು, ಹಿಡಿಯುವುದಿಲ್ಲ.

ಕಾಲಿಗೆ ಅಂಟಿದಂತಿರುವ ಫಿಟ್ ಹೋಗಿ ಸಡಿಲ ಪ್ಯಾಂಟಿನ ಕಾಲ ಬಂದಾಗ ಸಣ್ಣ ಲಾಟಿನ ಬೆಲೆ ತಿಳಿಯಿತು. ಹಳೆಯ ಫಿಟ್ಟಿನ ಮಾಲು ನನ್ನಲ್ಲಿ ಹೆಚ್ಚು ಉಳಿದಿರಲಿಲ್ಲವಾದ್ದರಿಂದ ಪ್ಯಾಟರ್ನ್ ಬದಲಿಸಿ ಹೊಸ ಲಾಟ್ ಇಳಿಸುವುದು ಕಷ್ಟವಾಗಲಿಲ್ಲ. ಆದರೆ ಸಣ್ಣ ಲಾಟಿನಲ್ಲಿ ಬಟ್ಟೆಯ ಮೇಲೆ ನಿಗಾ ಹೆಚ್ಚು ಬೇಕು. ಅಹಮದಾಬಾದಿನಿಂದ ಬರುವ ಡೆನಿಮ್ಮಿನ ಪ್ರತಿ ಥಾನಿನಿಂದಲೂ ಒಂದು ಚೌಕ ತುಂಡು ಕತ್ತರಿಸಿ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ 50 ಸೆಂಟಿಮೀಟರ್ ಗುರುತು ಹಾಕಿ, ವಾಷಿಂಗಿಗೆ ಕಳಿಸಿ, ಒಣಗಿದ ಮೇಲೆ ಮತ್ತೆ ಅಳೆಯುತ್ತೇವೆ. ಒಂದೇ ನಂಬರಿನ ಎರಡು ಥಾನುಗಳೂ ಒಂದೇ ಸಮ ಕುಗ್ಗುವುದಿಲ್ಲ. ಆ ಅಂತರ ಸೇರಿಸದೆ ಕಟ್ ಮಾಡಿದರೆ 32ರ ಸೊಂಟದ ಪ್ಯಾಂಟ್ 30ಕ್ಕೆ ಇಳಿದಿರುತ್ತದೆ.

ತೆರಿಗೆಯಲ್ಲಿ ನಮ್ಮ ಊರಿನ ಜಾಗವೇ ದಾರಿ ನಿರ್ಧರಿಸಿತು. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟು ಇರುವ ತಯಾರಕರು ಕಾಂಪೊಸಿಷನ್ ಯೋಜನೆಯಲ್ಲಿ ಶೇ 1ರಷ್ಟು ತೆರಿಗೆ ಕಟ್ಟಿ ಹಗುರಾಗಬಹುದು, ಆದರೆ ಅಂಥವರು ಬೇರೆ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಪಕ್ಕದ ಆಂಧ್ರದ ಗುಂತಕಲ್ಲು, ಆದೋನಿಯ ಗಿರಾಕಿಗಳನ್ನು ಬಿಟ್ಟು ಬಳ್ಳಾರಿಯಲ್ಲಿ ವ್ಯಾಪಾರ ಮಾಡುವುದಾದರೂ ಹೇಗೆ? ಹಾಗಾಗಿ ಸಾಮಾನ್ಯ ನೋಂದಣಿಯಲ್ಲೇ ಇದ್ದೇನೆ, ಬಟ್ಟೆ ಕೊಳ್ಳುವಾಗ ಕಟ್ಟಿದ ತೆರಿಗೆಯೂ ನಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ.

ಉದ್ರಿಯ ಸಮಸ್ಯೆ ಮಾತ್ರ ಪೂರ್ತಿ ತೀರಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ನಮ್ಮಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು 2006ರಿಂದಲೇ ಇದೆ. ತಡಮಾಡಿ ಮಾರ್ಚ್ ಮುಗಿಯುವುದರೊಳಗೂ ಕೊಡದಿದ್ದರೆ ಆ ಖರ್ಚನ್ನು ಕೊಳ್ಳುವವರು ಅದೇ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲವೆಂಬ ನಿಯಮ 2024ರ ಏಪ್ರಿಲ್‌ನಿಂದ ಬಂದ ಮೇಲೆ, ಮಾರ್ಚ್ ಹತ್ತಿರವಾದಂತೆ ಕೆಲವರು ತಾವಾಗಿಯೇ ಫೋನ್ ಮಾಡುತ್ತಾರೆ. ಹಳೆಯ ಗಿರಾಕಿಗೆ ಕಾನೂನು ತೋರಿಸಿ ವಸೂಲಿ ಮಾಡಲು ಇಂದಿಗೂ ಮನಸ್ಸು ಬಾರದು. ಹೊಸಬರಿಗೆ ಮಾತ್ರ ಮೊದಲ ಲಾಟಿನ ಅರ್ಧ ಹಣ ಬರುವವರೆಗೆ ಕಟಿಂಗ್ ಶುರು ಮಾಡುವುದಿಲ್ಲ.