ಆರು ವಸಾಹತು ಸೇರಿ ಒಂದು ದೇಶ: ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದು ಒಂದೆರಡು ವರ್ಷ ಆದವರು ನನ್ನ ಹತ್ತಿರ ಈ ಪ್ರಶ್ನೆ ತರುತ್ತಾರೆ. "ದೇಶ ಒಂದೇ ಅಲ್ವಾ? ಮೆಲ್ಬರ್ನ್‌ನಿಂದ ಬ್ರಿಸ್ಬೇನ್‌ಗೆ ಮನೆ ಬದಲಿಸಿದರೆ ಡ್ರೈವಿಂಗ್ ಲೈಸೆನ್ಸ್ ಯಾಕೆ ಬದಲಿಸಬೇಕು?" ಮಕ್ಕಳ ಶಾಲೆಯ ವ್ಯವಸ್ಥೆಯೂ ಬೇರೆ. ಬೇಸಿಗೆಯಲ್ಲಿ ಸಿಡ್ನಿಯವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಕ್ವೀನ್ಸ್‌ಲ್ಯಾಂಡಿನವರು ಮುಟ್ಟುವುದಿಲ್ಲ.

ಇದಕ್ಕೆಲ್ಲ ಕಾರಣ ಈ ದೇಶ ಹುಟ್ಟಿದ ರೀತಿ. 1901ಕ್ಕೆ ಮುಂಚೆ ಇಲ್ಲಿದ್ದದ್ದು ಆರು ಬ್ರಿಟಿಷ್ ವಸಾಹತುಗಳು: ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾ, ವೆಸ್ಟರ್ನ್ ಆಸ್ಟ್ರೇಲಿಯಾ, ಟಾಸ್ಮೇನಿಯಾ. ಒಂದೊಂದಕ್ಕೂ ತನ್ನದೇ ಪಾರ್ಲಿಮೆಂಟು, ತನ್ನದೇ ಸುಂಕ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳ ಗಡಿಯಾದ ಮರ್ರೆ ನದಿ ದಾಟಿಸುವ ಸರಕಿಗೆ ಸುಂಕ ಕಟ್ಟಬೇಕಿತ್ತು. ರೈಲಂತೂ ಇನ್ನೂ ಕಷ್ಟ. ವಿಕ್ಟೋರಿಯಾದ ಹಳಿ 5 ಅಡಿ 3 ಇಂಚು, ನ್ಯೂ ಸೌತ್ ವೇಲ್ಸ್‌ದು 4 ಅಡಿ ಎಂಟೂವರೆ ಇಂಚು, ಕ್ವೀನ್ಸ್‌ಲ್ಯಾಂಡಿನದು 3 ಅಡಿ 6 ಇಂಚು. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟವರು ಗಡಿಯ ಆಲ್ಬರಿಯಲ್ಲಿ ಸಾಮಾನು ಸಮೇತ ಇಳಿದು ಬೇರೆ ರೈಲು ಹತ್ತಬೇಕಿತ್ತು. ಮೀಟರ್‌ಗೇಜ್ ಕಾಲ ಕಂಡ ನಮ್ಮ ಹಿರಿಯರಿಗೆ ಆ ಪಾಡು ಗೊತ್ತು. ದೇಶ ಒಂದಾದ ಮೇಲೂ ಇದು ನಿಲ್ಲಲಿಲ್ಲ. ಆ ದಾರಿ ಸರಿಹೋಗಿದ್ದು 1962ರಲ್ಲಿ!

ಒಂದಾಗೋಣ ಎಂದು 1889ರಲ್ಲಿ ಟೆಂಟರ್‌ಫೀಲ್ಡ್ ಊರಿನಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ (ಮುಖ್ಯಮಂತ್ರಿ ಇದ್ದ ಹಾಗೆ) ಹೆನ್ರಿ ಪಾರ್ಕ್ಸ್ ಭಾಷಣ ಮಾಡಿದರು. 1891ರಲ್ಲಿ ನಾಯಕರು ಸೇರಿ ಸಂವಿಧಾನದ ಕರಡು ಬರೆದರು. ಅದು ಸುಮ್ನೆ ಬಿದ್ದಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು ಸುಂಕದ ಕಾಟ ಜಾಸ್ತಿ ಇದ್ದ ಗಡಿಯ ಜನರಿಂದ. ನನಗೆ ತುಂಬಾ ಇಷ್ಟವಾದ ಭಾಗ ಇದೇ. 1893ರಲ್ಲಿ ಮರ್ರೆ ದಡದ ಕೊರೋವಾದಲ್ಲಿ ಸಭೆ ಸೇರಿತು. ಪ್ರತಿನಿಧಿಗಳನ್ನು ಜನರೇ ಆರಿಸಲಿ, ಕರಡಿಗೆ ಜನರೇ ಮತ ಹಾಕಲಿ ಎಂದು ವಿಕ್ಟೋರಿಯಾದ ವಕೀಲ ಜಾನ್ ಕ್ವಿಕ್ ಸೂಚಿಸಿದರು. ಹಾಗೇ ಆಯಿತು. 1898ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹೌದು ಎಂದವರೇ ಹೆಚ್ಚಿದ್ದರೂ, ಬೇಕಿದ್ದ 80,000 ಮತ ಸಿಗಲಿಲ್ಲ. ಚೌಕಾಸಿ ಶುರುವಾಯಿತು. ರಾಜಧಾನಿ ನಮ್ಮಲ್ಲೇ ಇರಬೇಕು ಎಂದರು ನ್ಯೂ ಸೌತ್ ವೇಲ್ಸ್‌ನವರು. ಸರಿ, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ದೂರ ಇರಲಿ, ಅಲ್ಲಿಯವರೆಗೆ ಪಾರ್ಲಿಮೆಂಟು ಮೆಲ್ಬರ್ನ್‌ನಲ್ಲಿ ಎಂದಾಯಿತು. ಕ್ಯಾನ್‌ಬೆರಾ ಹುಟ್ಟಿದ್ದು ಹಾಗೆ. ವೆಸ್ಟರ್ನ್ ಆಸ್ಟ್ರೇಲಿಯಾ ಒಪ್ಪಿದ್ದು ಎಲ್ಲರಿಗಿಂತ ಕೊನೆಗೆ, 1900ರಲ್ಲಿ. 1901ರ ಜನವರಿ 1ರಂದು ಸಿಡ್ನಿಯ ಸೆಂಟೆನಿಯಲ್ ಪಾರ್ಕ್‌ನಲ್ಲಿ ಹೊಸ ದೇಶದ ಘೋಷಣೆಯಾಯಿತು. ಎಡ್ಮಂಡ್ ಬಾರ್ಟನ್ ಮೊದಲ ಪ್ರಧಾನಿ.

ಈ ದೇಶ ಆಗ ನಮ್ಮನ್ನು ಬೇಡ ಎಂದಿತ್ತು, ಅದನ್ನೂ ತಿಳಿದಿರಿ. ಅದೇ 1901ರ ವಲಸೆ ಕಾನೂನಿನಲ್ಲಿ ಅಧಿಕಾರಿ ಯಾವುದೋ ಯುರೋಪಿನ ಭಾಷೆಯಲ್ಲಿ 50 ಪದ ಹೇಳಿ ಬರೆಸಬಹುದಿತ್ತು. ಬರೆಯಲಾಗದಿದ್ದರೆ ವಾಪಸ್. ಭಾರತೀಯರನ್ನೂ ಏಷ್ಯಾದ ಇತರರನ್ನೂ ತಡೆಯಲು ಇದು ಸಾಕಾಗಿತ್ತು. ಆ ಪರೀಕ್ಷೆ ಹೋದದ್ದು 1958ರಲ್ಲಿ, ಬಿಳಿಯರಿಗೆ ಮಾತ್ರ ಎಂಬ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಇಲ್ಲಿನ ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸಬಾರದು ಎಂದು ಸಂವಿಧಾನದಲ್ಲಿ ಬರೆದಿದ್ದರು. 1967ರ ಜನಮತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ತೆಗೆಯಿರಿ ಎಂದರು.

ಈಗ ನಿಮ್ಮ ಲೈಸೆನ್ಸ್ ವಿಷಯ. ಕೇಂದ್ರಕ್ಕೆ ಯಾವುದು, ರಾಜ್ಯಕ್ಕೆ ಯಾವುದು ಎಂದು ಭಾರತದ ಸಂವಿಧಾನದಲ್ಲಿ ಪಟ್ಟಿಗಳಿವೆ; ಯಾವ ಪಟ್ಟಿಯಲ್ಲೂ ಇಲ್ಲದ ಅಧಿಕಾರ ಕೇಂದ್ರಕ್ಕೆ. ಇಲ್ಲಿ ತಿರುಗಾಮುರುಗಾ. ವಸಾಹತುಗಳು ಕೇಂದ್ರಕ್ಕೆ ಕೆಲವನ್ನು ಬಿಟ್ಟುಕೊಟ್ಟು ಉಳಿದದ್ದನ್ನು ತಮ್ಮಲ್ಲೇ ಇಟ್ಟುಕೊಂಡವು. ವೀಸಾ, ಆದಾಯ ತೆರಿಗೆ, ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಕೇಂದ್ರದ್ದು. ಲೈಸೆನ್ಸ್, ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ಮನೆ ಕೊಳ್ಳುವಾಗಿನ ಸ್ಟ್ಯಾಂಪ್ ಡ್ಯೂಟಿ ರಾಜ್ಯದ್ದು. ಏನೇ ಕೆಲಸವಿದ್ದರೂ ಇದು ಯಾರದ್ದು ಎಂದು ಮೊದಲು ನೋಡಿ, ಆಮೇಲೆ ಅರ್ಜಿ ಹಾಕಿ. ಪೌರತ್ವ ಪರೀಕ್ಷೆಗೆ ಓದುವಾಗಲೂ ಇದು ಬೇಕು.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲಿ ಹೋದರೆ ಆಲ್ಬರಿಯಲ್ಲಿ ಇಳಿಯಿರಿ. ಮಕ್ಕಳಿಗೆ ಆ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮ್ ತೋರಿಸಿ. ಕೊರೋವಾ ಅಲ್ಲಿಂದ ಒಂದು ಗಂಟೆಯೊಳಗಿನ ದಾರಿ.