ಕೌಟುಂಬಿಕ ಹಿಂಸೆಯ ಸಾವುಗಳ ಪರಾಮರ್ಶೆ: ದಾಖಲೆ ಕೊಡುವ ಮುನ್ನ, ಕೊಟ್ಟ ಮೇಲೆ

ಕೌಟುಂಬಿಕ ಹಿಂಸೆಯಿಂದ ಸಂಭವಿಸಿದ ಸಾವುಗಳನ್ನು ಪರಾಮರ್ಶಿಸಲು ಕೌಂಟಿಗಳು (ಜಿಲ್ಲೆಯಂತಹ ಆಡಳಿತ ಘಟಕಗಳು) ತಂಡ ರಚಿಸಿಕೊಳ್ಳಲು ಕ್ಯಾಲಿಫೋರ್ನಿಯಾದ ಪೀನಲ್ ಕೋಡಿನ (ದಂಡ ಸಂಹಿತೆಯ) ಸೆಕ್ಷನ್ 11163.3 ಅವಕಾಶ ನೀಡುತ್ತದೆ. ಪೊಲೀಸರು, ಸರ್ಕಾರಿ ವಕೀಲರು, ಶವಪರೀಕ್ಷಾ ವೈದ್ಯರು, ಆಶ್ರಯಧಾಮದ ಸಿಬ್ಬಂದಿ ಸೇರುವ ಈ ತಂಡ ಯಾರ ಅಪರಾಧವನ್ನೂ ತೀರ್ಮಾನಿಸುವುದಿಲ್ಲ. ಮೃತರು ಯಾರ ನೆರವು ಕೋರಿದ್ದರು, ಅದು ಎಲ್ಲಿ ತಲುಪದೆ ಹೋಯಿತು ಎಂಬುದನ್ನು ಹುಡುಕುತ್ತದೆ.

ನಿಮ್ಮ ಆಸ್ಪತ್ರೆಯಿಂದಲೋ ಸಂಸ್ಥೆಯಿಂದಲೋ ತಂಡವು ಮಾಹಿತಿ ಕೇಳಿದರೆ, ಲಿಖಿತ ಕೋರಿಕೆ ಪಡೆಯಿರಿ. ಆ ಪತ್ರವನ್ನು ನಂಬಿ ಮಾಹಿತಿ ಕೊಡಬಹುದೆಂದು ಕಾನೂನು ಹೇಳುತ್ತದೆ, ಆದರೆ ಕೊಡಲೇಬೇಕೆಂದು ಒತ್ತಾಯಿಸುವುದಿಲ್ಲ. ಯಾವ ಪುಟಗಳನ್ನು, ಯಾರಿಗೆ, ಯಾವ ದಿನ ಕೊಟ್ಟಿರಿ ಎಂಬುದನ್ನು ಬರೆದಿಡುವುದು ಒಳ್ಳೆಯದು.

ಮಹಿಳೆಯರ ಮೇಲಿನ ಹಿಂಸೆಗೆ ಸಂಬಂಧಿಸಿದ 1994ರ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾಯ್ದೆಯಡಿ ಅನುದಾನ ಪಡೆಯುವ ಆಶ್ರಯಧಾಮಗಳಿಗೆ ಷರತ್ತುಗಳು ಇನ್ನಷ್ಟು ಬಿಗಿಯಾಗಿವೆ. ಪರಾಮರ್ಶೆಯ ಉದ್ದೇಶ ಮುಂದಿನ ಸಾವುಗಳನ್ನು ತಡೆಯುವುದಾಗಿರಬೇಕು. ಮೃತರ ಮತ್ತು ಅವರ ಮಕ್ಕಳ ಗುರುತು ತಂಡದಿಂದಾಚೆ ಹೋಗದಂತೆ ನಿಯಮಗಳಿರಬೇಕು. ಅಗತ್ಯವಿರುವಷ್ಟೇ ಮಾಹಿತಿ ಕೊಡಬೇಕು. ಮೃತರ ಕಾನೂನುಬದ್ಧ ಪ್ರತಿನಿಧಿಯಿಂದಲೂ, ಅಪ್ರಾಪ್ತ ಮಕ್ಕಳಿಂದ ಅಥವಾ ಅವರ ಪೋಷಕರಿಂದಲೂ ಒಪ್ಪಿಗೆ ಪಡೆಯಲು ಪ್ರಯತ್ನಿಸಬೇಕು. ಆದರೆ ಆ ಪೋಷಕನೇ ಮೃತಳನ್ನು ಹಿಂಸಿಸಿದವನಾಗಿದ್ದರೆ ಅವನ ಒಪ್ಪಿಗೆ ಕೇಳುವಂತಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ವಿವೇಕದಿಂದ ಬರೆದ ಸಾಲು ಇದೇ ಎಂದು ನನ್ನ ಅಭಿಪ್ರಾಯ.

ತಂಡದೊಳಗೆ ಹಂಚಿಕೊಂಡ ಅಥವಾ ತಂಡವೇ ಸಿದ್ಧಪಡಿಸಿದ ಮಾತು, ಕಾಗದಗಳೆಲ್ಲ ಗೋಪ್ಯ. ಮೊಕದ್ದಮೆಗೆಂದು ಹೊರಗಿನವರು ಅವುಗಳನ್ನು ತರಿಸಿಕೊಳ್ಳಲಾಗದು. ಈ ರಕ್ಷಣೆ ಇಲ್ಲದಿದ್ದರೆ ತಮ್ಮ ಇಲಾಖೆ ಎಲ್ಲಿ ಎಡವಿತೆಂದು ಯಾವ ಅಧಿಕಾರಿಯೂ ಬಾಯಿ ಬಿಡಲಾರರು. ಹೊರಬರಬಹುದಾದದ್ದು ಶಿಫಾರಸುಗಳು, ಅದೂ ಬಹುಪಾಲು ಸದಸ್ಯರು ಒಪ್ಪಿದರೆ.

ತಂಡದ ಶಿಫಾರಸುಗಳ ವರದಿಯ ಕರಡನ್ನು ಓದುವಾಗ ಹೆಸರು ಅಳಿಸಿದ್ದರೆ ಸಾಕೆಂದುಕೊಳ್ಳಬೇಡಿ. ಸಾಂತಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿರುವ ಕನ್ನಡಿಗರಂತಹ ಪರಸ್ಪರ ಪರಿಚಯವಿರುವ ಸಮುದಾಯದಲ್ಲಿ ಮಾತೃಭಾಷೆ, ಉದ್ಯೋಗ, ಮಗುವಿನ ವಯಸ್ಸು, ಘಟನೆಯ ತಿಂಗಳು ಒಟ್ಟಿಗೆ ಬಂದರೆ ಮನೆ ಯಾವುದೆಂದು ಕೂಡಲೇ ತಿಳಿದುಬಿಡುತ್ತದೆ. ಭಾಷಾ ನೆರವಿನ ಕೊರತೆಯನ್ನು ಹೇಳಬೇಕಿದ್ದರೆ, ಹಲವು ವರ್ಷಗಳ ಪ್ರಕರಣಗಳನ್ನು ಕೂಡಿಸಿ, 'ಇಂಗ್ಲಿಷ್ ಬಾರದ ಸಂತ್ರಸ್ತರಿಗೆ ದುಭಾಷಿಗಳು ದೊರೆಯಬೇಕು' ಎಂದಷ್ಟೇ ಬರೆಯುವಂತೆ ಸೂಚಿಸಿ.