ಚೆಲ್ಲೊ ಮೀಟಿ ಜಾಝ್ ನುಡಿಸುವುದು: ಬೇಸ್ ವಾದಕರಿಗೆ ಒಂದಿಷ್ಟು ದಾರಿ

ಮೊದಲು ಕಮಾನನ್ನು ಪೆಟ್ಟಿಗೆಯಲ್ಲೇ ಬಿಡಿ. ಇದು ಚೆಲ್ಲೊವನ್ನು, ಅಂದರೆ ಪಿಟೀಲಿನ ಜಾತಿಯ, ಕೂತು ನುಡಿಸುವ ದೊಡ್ಡ ವಾದ್ಯವನ್ನು, ಬೆರಳಿನಿಂದ ಮೀಟುವವರಿಗೆ ಬರೆದದ್ದು. ಅದರಲ್ಲೂ ನನ್ನ ಹಾಗೆ ವರ್ಷಗಟ್ಟಲೆ ಡಬಲ್ ಬೇಸ್ ಹಿಡಿದು ಹಿಂದೆ ನಿಂತು, ನಾಲ್ಕು ಜನರ ತಂಡದಲ್ಲಿ ಒಮ್ಮೆಯಾದರೂ ಟ್ಯೂನನ್ನು ತಾವೇ ಮುಂದೆ ಬಂದು ನುಡಿಸಬೇಕು ಎಂಬ ಆಸೆ ಇಟ್ಟುಕೊಂಡವರಿಗೆ.

ಈ ದಾರಿ ಮಾಡಿಕೊಟ್ಟವರೂ ಬೇಸ್ ವಾದಕರೇ. ಹ್ಯಾರಿ ಬಬಾಸಿನ್ 1947ರಲ್ಲೇ ಪಿಯಾನೊ ವಾದಕ ಡೋಡೊ ಮಾರ್ಮರೋಸ ಅವರ ಟ್ರಿಯೊದಲ್ಲಿ (ಮೂವರ ತಂಡದಲ್ಲಿ) ಚೆಲ್ಲೊ ಮೀಟಿ ರೆಕಾರ್ಡ್ ಮಾಡಿದ್ದರು. ನನಗೆ ಜಾಸ್ತಿ ಹತ್ತಿರದವರು ಆಸ್ಕರ್ ಪೆಟಿಫೋರ್ಡ್. 1949ರಲ್ಲಿ ಬೇಸ್‌ಬಾಲ್ ಆಡುವಾಗ ಅವರ ಕೈ ಮುರಿಯಿತು. ದೊಡ್ಡ ಬೇಸ್ ನುಡಿಸಲು ಆಗದ ದಿನಗಳಲ್ಲಿ ಅವರು ಚೆಲ್ಲೊ ಹಿಡಿದರು. ಬೇಸಿನ ಶ್ರುತಿಯನ್ನೇ ಒಂದು ಸ್ಥಾಯಿ ಮೇಲಕ್ಕೆ ತಂದು ಅದರಲ್ಲಿ ಕೂರಿಸಿದರು.

ನೀವೂ ಅಲ್ಲಿಂದಲೇ ಶುರು ಮಾಡಿ. ಚೆಲ್ಲೊದ ಮಾಮೂಲಿ ಶ್ರುತಿ ಕೆಳಗಿನಿಂದ ಸಿ, ಜಿ, ಡಿ, ಎ. ನಮಗೆ ಬೇಕಾದ್ದು ಇ, ಎ, ಡಿ, ಜಿ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಶ್ರುತಿಯೂ ಇದೇ. ಡಿ ಹಾಗೇ ಇರಲಿ. ಮೇಲಿನ ಎ ತಂತಿಯನ್ನು ಒಂದು ಟೋನ್ (ಎರಡು ಸೆಮಿಟೋನ್, ಗಿಟಾರಿನಲ್ಲಿ ಎರಡು ಮನೆಯಷ್ಟು) ಸಡಿಲಿಸಿದರೆ ಜಿ ಸಿಕ್ಕಿತು. ಜಿ ತಂತಿಯನ್ನು ಒಂದು ಟೋನ್ ಏರಿಸಿದರೆ ಎ. ಇದಕ್ಕೆ ತೆಳು ಗೇಜಿನ ತಂತಿ ಹಾಕಿದರೆ ಒಳ್ಳೆಯದು, ಏಕೆಂದರೆ ಒಂದೇ ಟೋನ್ ಏರಿಸಿದರೂ ಎಳೆತ ಕಾಲು ಭಾಗಕ್ಕಿಂತ ಜಾಸ್ತಿ ಆಗುತ್ತದೆ.

ತೊಂದರೆ ಇರುವುದು ಕೆಳಗಿನ ತಂತಿಯಲ್ಲಿ. ನನ್ನ ಮೊದಲ ಚೆಲ್ಲೊದಲ್ಲಿ ಸಿ ತಂತಿಯನ್ನೇ ಇ ತನಕ ಏರಿಸಲು ಹೋದೆ. ನಾಲ್ಕು ಸೆಮಿಟೋನ್ ತಾನೇ ಅಂದುಕೊಂಡಿದ್ದೆ. ಬಿರಡೆ ತಿರುಗಿಸುತ್ತಿದ್ದ ಹಾಗೆ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಫಿಂಗರ್‌ಬೋರ್ಡಿನ (ಎಡಗೈ ಬೆರಳು ಒತ್ತುವ ಪಟ್ಟಿಯ) ಕಡೆಗೆ ವಾಲಿತು. ಆಮೇಲೆ ತಂತಿ ಕಿತ್ತು ಕೈಗೆ ಬಡಿಯಿತು. ಸಿ ತಂತಿಯನ್ನು ಪೂರ್ತಿ ತೆಗೆದುಬಿಡಿ. ಆ ಜಾಗಕ್ಕೆ ಇನ್ನೊಂದು ಜಿ ತಂತಿ ಹಾಕಿ ಇ ತನಕ ಇಳಿಸಿ. ಸ್ವಲ್ಪ ಸಡಿಲ ಅನ್ನಿಸುತ್ತದೆ, ಆದರೆ ಮೀಟಲು ಸಾಕು. ಒಂದೊಂದೇ ತಂತಿ ಬದಲಿಸಿ, ಪ್ರತಿ ಸಲವೂ ಕುದುರೆ ನೆಟ್ಟಗಿದೆಯಾ ನೋಡಿ. ಉಕ್ಕಿನ ಒಳತಂತಿ ಇರುವುದನ್ನೇ ಕೊಳ್ಳಿ, ದನಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಈ 'ನಿಲ್ಲುವುದು' ಎಂಬ ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬೇಸಿನ ತಂತಿ ಸುಮಾರು 105 ಸೆಂಟಿಮೀಟರ್ ಉದ್ದ, ಚೆಲ್ಲೊದ್ದು ಸುಮಾರು 69. ಮೀಟಿದ ಸ್ವರ ಬೇಗ ಸಾಯುತ್ತದೆ. ಅದನ್ನು ಬದುಕಿಸಬೇಕಾದ್ದು ಎಡಗೈ. ಸುಮ್ನೆ ಬೆರಳು ಮುಟ್ಟಿಸಿ ಎತ್ತಬೇಡಿ. ಮುಂದಿನ ಸ್ವರ ಬರುವ ತನಕ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಗುರು ಚಿಕ್ಕದಾಗಿರಲಿ. ಬೇಸಿನಲ್ಲಿ ಕೆಳಗಿನ ಸ್ಥಾನಗಳಲ್ಲಿ ಒಂದು ಹಿಡಿತಕ್ಕೆ ಎರಡು ಸೆಮಿಟೋನ್ ದೂರ ಸಿಗುತ್ತಿತ್ತು, ಇಲ್ಲಿ ಮೂರು ಸಿಗುತ್ತದೆ, ಚಾಚಿದರೆ ನಾಲ್ಕು. ಹಳೆಯ ಅಭ್ಯಾಸದಲ್ಲಿ ಉಂಗುರದ ಬೆರಳು ಸುಮ್ಮನೆ ಕೂತುಬಿಡುತ್ತದೆ. ಅದಕ್ಕೂ ಕೆಲಸ ಕೊಡಿ. ಬಿ ಫ್ಲಾಟ್‌ನ ಬ್ಲೂಸ್ ಒಂದನ್ನು ಮೆಲ್ಲಗೆ, ನಾಲ್ಕೂ ಬೆರಳಲ್ಲಿ, ಎರಡು ವಾರ ನುಡಿಸಿದರೆ ಕೈ ಹೊಂದಿಕೊಳ್ಳುತ್ತದೆ.

ಬಲಗೈ ಹೆಬ್ಬೆರಳನ್ನು ಫಿಂಗರ್‌ಬೋರ್ಡಿನ ಅಂಚಿಗೆ ಆನಿಸಿ, ತೋರುಬೆರಳಿನ ಪಕ್ಕದ ಮಾಂಸದಿಂದ ಮೀಟಿ. ತುದಿಯಿಂದ ಮೀಟಿದರೆ ದನಿ ತೆಳ್ಳಗಾಗುತ್ತದೆ. ಫಿಂಗರ್‌ಬೋರ್ಡ್ ಮುಗಿಯುವ ಜಾಗಕ್ಕಿಂತ ಮೂರು ನಾಲ್ಕು ಬೆರಳು ಮೇಲೆ ನನಗೆ ಒಳ್ಳೆಯ ದನಿ ಸಿಗುತ್ತದೆ. ಕುದುರೆಯ ಹತ್ತಿರ ಹೋದಷ್ಟೂ ಗಡಸು. ವೇಗದ ಸಾಲುಗಳಿಗೆ ತೋರುಬೆರಳು, ನಡುಬೆರಳು ಸರದಿಯಲ್ಲಿ ಬರಲಿ.

ಇನ್ನು ತಂಡ. ನೀವು ಚೆಲ್ಲೊ ಹಿಡಿದಾಗ ಬೇಸ್ ನುಡಿಸಲು ಬೇರೊಬ್ಬರು ಇರಲೇಬೇಕು. ಪೆಟಿಫೋರ್ಡ್ 1950ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ಪಿಯಾನೊ ಜೊತೆ ಚೆಲ್ಲೊ ರೆಕಾರ್ಡ್ ಮಾಡಿದಾಗ ಬೇಸ್ ಲಾಯ್ಡ್ ಟ್ರಾಟ್‌ಮನ್ ಅವರದು, ಡ್ರಮ್ಸ್ ಜೋ ಜೋನ್ಸ್ ಅವರದು. ಹತ್ತು ವರ್ಷದ ನಂತರ ಸ್ಯಾಮ್ ಜೋನ್ಸ್ ಚೆಲ್ಲೊ ಎತ್ತಿಕೊಂಡಾಗ ಬೇಸ್ ಕೀಟರ್ ಬೆಟ್ಸ್ ಕೈಗೆ ಹೋಯಿತು. ಕೆಳಗೆ ನೆಲ ಗಟ್ಟಿಯಿದ್ದರೆ ತಾನೇ ಮೇಲೆ ಓಡಾಡಲು ಧೈರ್ಯ ಬರುವುದು, ಅಲ್ವಾ?

ಪಿಯಾನೊದವರ ಜೊತೆ ಮೊದಲೇ ಮಾತಾಡಿ. ಅವರ ಎಡಗೈ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವ ಜಾಗವೇ ನಿಮ್ಮ ಚೆಲ್ಲೊ ಹಾಡುವ ಜಾಗ. ಸೋಲೊ ಹೊತ್ತಿನಲ್ಲಿ ಅವರು ಸ್ವಲ್ಪ ಮೇಲಕ್ಕೆ ಹೋಗಿ, ಕಡಿಮೆ ನುಡಿಸಿದರೆ ಸಾಕು. ಗಿಟಾರಿನವರಿದ್ದರೂ ಇದೇ ಮಾತು. ಡ್ರಮ್ಸ್‌ನವರಿಗೆ ಬ್ರಷ್ ಹಿಡಿಯಲು ಹೇಳಿ. ಕುದುರೆಗೆ ಅಂಟಿಸುವ ಪಿಕಪ್ (ಅದರ ಕಂಪನ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಮೀಟಿನ ಸದ್ದನ್ನು ಚೂಪು ಮಾಡುತ್ತದೆ, ನಾನು ಚಿಕ್ಕ ಕ್ಲಿಪ್ ಮೈಕನ್ನೇ ನಂಬಿದ್ದೇನೆ.

ಮೊದಲ ಟ್ಯೂನಿಗೆ ನಡು ವೇಗದ್ದನ್ನು ಆರಿಸಿಕೊಳ್ಳಿ, ನಿಮಿಷಕ್ಕೆ 130 ಬೀಟ್ ಆಸುಪಾಸು. ತೀರಾ ನಿಧಾನದ ಬ್ಯಾಲಡ್‌ನಲ್ಲಿ ಉದ್ದ ಸ್ವರಗಳು ನಡುವೆಯೇ ಆರಿಹೋಗುತ್ತವೆ. ಚಿಕ್ಕ ಚಿಕ್ಕ ಮಾತಿನಂತೆ ನುಡಿಸಿ, ಎರಡು ಬಾರ್ (ತಾಳದ ಸುತ್ತು) ಹೇಳಿ ಒಂದು ಬಾರ್ ಬಿಡಿ. ರಿಹರ್ಸಲ್‌ನಲ್ಲಿ ಗೆಳೆಯರೊಬ್ಬರನ್ನು ಕೋಣೆಯ ಹಿಂದಿನ ಗೋಡೆಯ ಹತ್ತಿರ ನಿಲ್ಲಿಸಿ, ನೀವು ನುಡಿಸಿದ ಟ್ಯೂನನ್ನು ವಾಪಸ್ ಹಾಡಲು ಹೇಳಿ. ಅವರು ತಡವರಿಸಿದ ಜಾಗದಲ್ಲಿ ಮತ್ತೆ ಗಟ್ಟಿಯಾಗಿ ಮೀಟುವ ಮೊದಲು ಪಿಯಾನೊ ಸ್ವಲ್ಪ ತಗ್ಗಿಸಿ ನೋಡಿ.